ನೂರಕ್ಕೆ ಐದು

ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಹಾಕಿದ್ದ ಮರದ ಗುಡಿಸಲಿಗೆ ಮಾರ್ಲಿಸ್ ಏದುಸಿರು ಬಿಡುತ್ತ ನುಗ್ಗಿ, ಬಸಿರಿನ ಪರೀಕ್ಷೆಯ ಕಡ್ಡಿಯನ್ನು ಗಂಡನ ಮೂಗಿನ ಮುಂದೆ ಹಿಡಿದಳು. ಎರಡು ಗೆರೆ!

ಮಂಜುಗಡ್ಡೆಯಲ್ಲಿ ಕೊರೆದ ತೂತಿಗೆ ಗಾಳ ಬಿಟ್ಟು ಕೂತಿದ್ದ ವರ್ಲಿನ್ ಕಣ್ಣರಳಿಸಿದ. "ನಲವತ್ತನಾಲ್ಕಕ್ಕಾ? ಈ ವಯಸ್ಸಲ್ಲಿ ಇನ್ನೇನೂ ಆಗಲ್ಲ ಅಂತ ತಾನೇ ಕಾಂಡೋಮ್ ಬಿಟ್ಟಿದ್ದು!"

"ಆಗಲ್ಲ ಅಂತ ನರ್ಸ್ ಎಲ್ಲಿ ಹೇಳಿದ್ಳು? ಬಸಿರಾಗೋ ಸಾಧ್ಯತೆ ತಿಂಗಳಿಗೆ ನೂರಕ್ಕೆ ಐದೂ ಇಲ್ಲ ಅಂದ್ಳು ಅಷ್ಟೇ. ನಾವು ಅದನ್ನ ಸೊನ್ನೆ ಅಂದ್ಕೊಂಡ್ವಿ." ಅವಳಿಗೆ ನಗು ತಡೆಯಲಾಗಲಿಲ್ಲ. "ಅದಿರ್ಲಿ, ಬೆಳಗ್ಗೆಯಿಂದ ಎಷ್ಟು ಮೀನು ಬಿತ್ತು?"

"ಒಂದೂ ಇಲ್ಲ."

"ಮತ್ಯಾಕೆ ಕೂತಿದ್ದೀಯ?"

"ಬಿದ್ರೂ ಬೀಳಬಹುದು ಅಂತ..." ಎಂದವನ ಕಣ್ಣು ತಟ್ಟನೆ ಅವಳ ಕೈಯ ಕಡ್ಡಿಯತ್ತ ಹೊರಳಿತು.

ಅಷ್ಟರಲ್ಲಿ ಗಾಳದ ಕೋಲು ಬಾಗಿ ಜಗ್ಗತೊಡಗಿತು. ವರ್ಲಿನ್ ಅದರತ್ತ ತಿರುಗಿಯೂ ನೋಡದೆ, ಆ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.