ತೊಂಬತ್ತೊಂಬತ್ತು ಕಡಲೆಕಾಳು

ಐದನೆಯ ಸಲವೂ ತೊಂಬತ್ತೊಂಬತ್ತೇ.

ವಿಶಾಖಾಳಿಗೆ ಕೀಬೋರ್ಡನ್ನೇ ಎತ್ತಿ ಕಿಟಕಿಯಾಚೆ ಎಸೆಯಬೇಕೆನ್ನಿಸಿತು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಜಾವಾಸ್ಕ್ರಿಪ್ಟ್ ಲೂಪು ನೂರು ಸುತ್ತು ತಿರುಗಿದೆ. ಪುಟದಲ್ಲಿ ನೂರು ಸಾಲೂ ಮೂಡಿವೆ. ತಪ್ಪು ಹುಡುಕಲೆಂದು ಬ್ರೌಸರಿನಲ್ಲಿರುವ ಡೀಬಗ್ಗರ್ ಸುತ್ತಿಗೊಮ್ಮೆ ನಿಲ್ಲಬೇಕು, ಅವಳು ಗುಂಡಿ ಒತ್ತಿದ ಮೇಲೆಯೇ ಮುಂದೆ ಹೋಗಬೇಕು. ಅದು ನಿಂತದ್ದು ಮಾತ್ರ ತೊಂಬತ್ತೊಂಬತ್ತು ಸಲ. ದರಿದ್ರದ್ದು, ಎಲ್ಲೋ ಒಂದು ಸುತ್ತನ್ನು ನುಂಗಿ ಹಾಕುತ್ತಿದೆ.

ಸಾಫ್ಟ್‌ವೇರ್ ಪರೀಕ್ಷಿಸುವ ರಾಯಚೂರಿನ ಆ ಪುಟ್ಟ ಕಚೇರಿಯಲ್ಲಿ ಗುಂಡಿ ಒತ್ತುವವರೇ ಎಣಿಸುವಂತಿಲ್ಲ. ಎಣಿಕೆಗೆ ಸಿಕ್ಕಿದ್ದು ಚಹಾ ಮಾಡುವ ಮೂಕಪ್ಪಜ್ಜ. ಅವಳು ಗುಂಡಿ ಒತ್ತಿದಾಗಲೆಲ್ಲ ಒಂದೊಂದು ಕಡಲೆಕಾಳು ತೆಗೆದಿಡುವುದು ಅವನ ಕೆಲಸ. ಮಾನ್ವಿಯ ರೈಸ್‌ಮಿಲ್ಲಿನಲ್ಲಿ ಮೂವತ್ತು ವರ್ಷ ಭತ್ತ ಅಳೆದ ಕೈ ಅವನದು. ಮೊದಲ ಕಾಳನ್ನು ಕಣ್ಣಿಗೊತ್ತಿಕೊಂಡು ಶುರು ಮಾಡಿದನೆಂದರೆ ಮುಗಿಯುವವರೆಗೂ ಆಚೀಚೆ ನೋಡುವವನಲ್ಲ. ವಿಶಾಖಾಳ ಕಣ್ಣು ಪರದೆಯ ಮೇಲೆ, ಅಜ್ಜನ ಕಿವಿ ಗುಂಡಿಯ ಸದ್ದಿನ ಮೇಲೆ. ಕೊನೆಗೆ ತಟ್ಟೆಯಲ್ಲಿ ಬಿದ್ದ ಕಾಳುಗಳನ್ನು ಅವಳು ಎಣಿಸುತ್ತಿದ್ದಳು.

ಹೋದ ತಿಂಗಳು ಇಲ್ಲದ ದೋಷವನ್ನು ಇದೆಯೆಂದು ಬರೆದು ಬೈಸಿಕೊಂಡಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮಾಲೀಕ ಶಿವರಾಜ ಬೆಳಿಗ್ಗೆಯೇ ಹೇಳಿದ್ದ: “ಇನ್ನೊಂದು ತಪ್ಪು ವರದಿ ಹೋದ್ರ, ಸೋಮವಾರದಿಂದ ದೇವದುರ್ಗದ ನಿಮ್ಮನ್ಯಾಗೇ ಇರ್ರಿ.” ಸಂಜೆ ಐದರೊಳಗೆ ವರದಿ ಹೋಗಬೇಕು.

ಬ್ರೌಸರನ್ನು ಅಳಿಸಿ ಮತ್ತೆ ಹಾಕಿದಳು. ಬೇರೆ ಕಂಪ್ಯೂಟರಿಗೆ ಹೋದಳು. ಬೆರಳು ನೋಯುವವರೆಗೆ ಒತ್ತಿದಳು. ಆರನೆಯ ಸಲವೂ ಅಷ್ಟೇ. ಅಜ್ಜನ ಕಡೆ ತಿರುಗಿದಳು.

“ಯಜ್ಜಾ, ನಡುವ ಒಂದರ ಕಾಳು ತಪ್ಪೇತೇನು?”

“ಸದ್ದಿಗೊಂದು ಕಾಳು ತಗದೀನವ್ವಾ. ನನ್ನ ಕೈಯಾಗ ಅಳತಿ ತಪ್ಪಂಗಿಲ್ಲ.”

ಮುದುಕ ಸುಳ್ಳು ಹೇಳುವವನಲ್ಲ. ಅಂದ ಮೇಲೆ ತಪ್ಪು ಯಂತ್ರದ್ದೇ. ಡೀಬಗ್ಗರ್ ಒಂದು ಸುತ್ತನ್ನು ಬಿಟ್ಟು ಜಿಗಿಯುತ್ತಿದೆ, ಆರು ಸಲ ಪರೀಕ್ಷಿಸಿ ಖಚಿತಪಡಿಸಿಕೊಳ್ಳಲಾಗಿದೆ ಎಂದು ಬರೆದಳು. ಐದಕ್ಕೆ ಐದು ನಿಮಿಷವಿದ್ದಾಗ ಕಳಿಸಿಬಿಟ್ಟಳು. ಬೆಳಗಿನಿಂದ ಮೊದಲ ಸಲ ಉಸಿರು ಸಲೀಸಾಯಿತು.

ಚಹಾಕ್ಕೆಂದು ಒಳಗೆ ಹೋದಳು. ಒಲೆಯ ಮೇಲಿನ ಗೂಡಿನಲ್ಲಿ ಅಜ್ಜನ ಮನೆದೇವರ ಫೋಟೊ ಇತ್ತು. ಅದರ ಮುಂದೆ ಸಾಲಾಗಿ ಕಡಲೆಕಾಳು. ಎಣಿಸಿದಳು, ಆರು.

ಇವೆಲ್ಲಿಯವೆಂದು ಕೇಳಿದಳು.

“ಯಾವ ಅಳತಿಗಾದ್ರೂ ಮೊದಲನೇದು ದೇವರದವ್ವಾ,” ಎಂದ ಅಜ್ಜ ಚಹಾ ಸೋಸುತ್ತ. “ಅದನ್ನ ತಟ್ಟಿಗೆ ಹಾಕಂಗಿಲ್ಲ.”