ಪರದೆಗೆ ಹಿಡಿದ ಸ್ವೆಟರ್

ಅಪ್‌ಡೇಟ್ ಮುಗಿದು ಕಂಪ್ಯೂಟರ್ ಮತ್ತೆ ತೆರೆದಾಗ ಪರದೆಯ ತಂಪು ಹಸಿರೆಲ್ಲ ಮಾಯವಾಗಿ, ಕಣ್ಣು ಕುಕ್ಕುವ ಬಿಳುಪು ತುಂಬಿತ್ತು. ಕಣ್ಣಿನ ಆಪರೇಷನ್ ಆದಮೇಲೆ ಆ ಹಸಿರಿನ ಮೇಲಷ್ಟೇ ಅಕ್ಷರ ಓದಬಲ್ಲ ಅನುವಾದಕಿ ಸೊಸೆ, ಸೆಟ್ಟಿಂಗ್ಸ್‌ನ ಹಸಿರುಗಳನ್ನೆಲ್ಲ ಹಾಕಿ ನೋಡಿ ಸೋತು ಕೂತಳು.

“ಮೂರು ಹೊತ್ತೂ ಅದರ ಮುಂದೆ ಕೂತ್ರೆ ಇನ್ನೇನಾಗುತ್ತೆ!” ಎಂದು ಗೊಣಗುತ್ತಲೇ ಅತ್ತೆ ಒಳಗಿಂದ ಅರ್ಧ ಹೆಣೆದ ಹಸಿರು ಸ್ವೆಟರ್ ತಂದು ಪರದೆಗೆ ಒತ್ತಿ ಹಿಡಿದರು. “ಇನ್ನೂ ಸ್ವಲ್ಪ ಕಪ್ಪು ಸೇರಿಸು. ಹಾಂ, ಈಗ ಒಂಚೂರು ಹಳದಿ.”

ಸೊಸೆ ಹೇಳಿದಂತೆ ಮಾಡುತ್ತ ಹೋದಳು. ಉಣ್ಣೆಯ ಅಂಚು ಪರದೆಯೊಳಗೆ ಕರಗಿಹೋಯಿತು. ಅಕ್ಷರಗಳು ಕಣ್ಣಿಗೆ ನಿಂತವು.

“ಅಬ್ಬಾ, ಎಂಥಾ ಕಣ್ಣು ಅತ್ತೆ ನಿಮ್ದು!”

“ಕಣ್ಣೂ ಇಲ್ಲ ಮಣ್ಣೂ ಇಲ್ಲ. ನೀನು ಎದ್ದು ಹೋದಾಗೆಲ್ಲ ಅಂಗಡಿಯಿಂದ ತಂದ ನೂಲಿನ ಚೂರುಗಳನ್ನ ನಿನ್ನ ಹಸಿರಿಗೆ ಹೊಂದುತ್ತಾ ಅಂತ ಇಲ್ಲೇ ಹಿಡಿದು ನೋಡ್ತಿದ್ದೆ. ತೋಳು ಚಾಚು, ಅಳತೆ ತಗೋಬೇಕು.”