ಎರಡನೆಯ ವಕೀಲರು

ಮಾಗಿ ಚಳಿಯ ಒಂದು ಸೋಮವಾರ, ಬೆಳಗ್ಗೆ ಹತ್ತರ ಹೊತ್ತಿಗೆ, ವಕೀಲರು ತಮ್ಮ ಹಳೆಯ ಕರಿ ಕೋಟನ್ನು ಹೆಂಡತಿಗೆ ತೊಡಿಸಿ ಕಚೇರಿಯಲ್ಲಿ ಕೂರಿಸಿದರು. ಮನೆಸಾಲಕ್ಕೆ ಬರುವ ಆಸ್ತಿಪತ್ರಗಳು ಸರಿಯಿವೆಯೇ ಎಂದು ನೋಡಿ ಹೇಳಲು ಬ್ಯಾಂಕು ಇಟ್ಟುಕೊಂಡ ವಕೀಲರ ಪ್ಯಾನೆಲ್ಲಿನಲ್ಲಿ ಅವರು ಹಳಬರು. ಈಗ ಹೊಸ ನಿಯಮ ಬಂದಿತ್ತು: ಕಚೇರಿಯಲ್ಲಿ ಇಬ್ಬರಾದರೂ ವಕೀಲರಿರಬೇಕು, ಇಲ್ಲವೆಂದರೆ ಹೆಸರು ತೆಗೆದುಬಿಡುತ್ತಾರೆ. ಹೆಂಡತಿ ಮದುವೆಗೆ ಮುಂಚೆಯೇ ವಕೀಲಿ ಸನ್ನದು ಪಡೆದವರು. ಆಮೇಲೆ ಕೋರ್ಟಿನ ಕಡೆ ತಲೆಹಾಕಿರಲಿಲ್ಲ.

“ಬ್ಯಾಂಕ್ ಮ್ಯಾನೇಜರ್ ಬಂದಾಗ ಸುಮ್ನೆ ಕೂತಿರು. ಮಾತು ನಾನಾಡ್ತೀನಿ.”

“ಅದೇನು ನನಗೆ ಹೊಸದಾ?”

ಮ್ಯಾನೇಜರ್ ಬಂದರು, ಕಾಫಿ ಕುಡಿದರು. ವಕೀಲರು ಹಿಂದಿನ ವಾರ ಎಲ್ಲ ಸರಿಯಿದೆಯೆಂದು ಕಳಿಸಿದ್ದ ಫೈಲೊಂದನ್ನು ಮ್ಯಾನೇಜರ್ ಆಕೆಯ ಮುಂದಿಟ್ಟರು.

“ನಿಮ್ದೂ ಒಂದು ಸಹಿ ಹಾಕ್ಬಿಡಿ ಮೇಡಂ. ಈಗ ಎರಡು ಬೇಕಂತೆ.”

ಆಕೆ ಕನ್ನಡಕ ಏರಿಸಿ, ಮನೆ ಮಾರುವವರ ವಂಶವೃಕ್ಷವನ್ನು ನಿಧಾನವಾಗಿ ಓದಿದರು.

“ರೀ, ಇಲ್ಲಿ ಗಂಡುಮಕ್ಕಳು ಇಬ್ರೇ ಅಂತ ಬರ್ದಿದೆ. ಹಂಗಾದ್ರೆ ಆ ಮನೇಲಿ ನಾವು ಒಬ್ಬಟ್ಟು ತಿಂದು ಬಂದಿದ್ದು ಯಾರ ಮದುವೇಲಿ? ಆ ಮನೆ ಮಗಳಿಗೂ ಪಾಲಿದೆಯಲ್ಲ, ಅವಳ ಸಹಿ ಎಲ್ಲಿ?”

ವಕೀಲರು ಫೈಲಿಗೆ ಕೈಚಾಚಿದರು. ಮ್ಯಾನೇಜರ್ ಫೈಲು ಮುಚ್ಚಿ ಎದ್ದುನಿಂತರು.

“ನೀವು ನಮ್ಮ ಪ್ಯಾನೆಲ್ಲಲ್ಲಿ ಇರೋದು ಗಟ್ಟಿ ಮೇಡಂ. ಬೇಗ ಜೊತೆಗೊಬ್ಬ ಒಳ್ಳೇ ವಕೀಲರನ್ನ ಹುಡುಕ್ಕೊಳ್ಳಿ.”

ಗುರುವಾರ ಬ್ಯಾಂಕಿನ ಕಾಗದ ಬಂತು. ಪ್ಯಾನೆಲ್ಲಿನಿಂದ ತೆಗೆದದ್ದು ಗಂಡನ ಹೆಸರೊಂದನ್ನೇ.